ಖಲ್ಫಾನನ ಸರದಿ ನೀರು

ಜೆಸಿಬಿಯ ಹಿಂದಿನ ತೋಳಿನ ಕೀಲಿಗೆ ಗ್ರೀಸ್ ಗನ್ ಹಚ್ಚಿ ಒತ್ತುತ್ತಲೇ ಇದ್ದ ಚಾಲಕ ಶೇರ್‌ಜಮಾನ್ ಖಾನನನ್ನು ನೋಡಿ ನೋಡಿ ಖಲ್ಫಾನನ ತಾಳ್ಮೆ ಮುಗಿಯಿತು.

"ಏನು ಖಾನ್, ಮದುಮಗಳಿಗೆ ಮದರಂಗಿ ಹಚ್ಚಿದ ಹಾಗೆ ಹಚ್ತಾ ಇದೀಯಲ್ಲ! ಅಲ್ಲಿ ಖರ್ಜೂರದ ಗೊನೆ ಸುಕ್ಕಾಗ್ತಾ ಇದೆ."

"ನಿಮ್ಮ ಮರಕ್ಕೆ ನೀರು ಹೇಗೋ, ಇದಕ್ಕೆ ಇದು ಹಾಗೆ, ಅರ್ಬಾಬ್. ಹಳೇ ಗ್ರೀಸು ಹೊರಗೆ ಬರೋ ತನಕ ಒತ್ತಬೇಕು." ಕೆಲಸ ಕೊಟ್ಟ ಧಣಿಗಳನ್ನೆಲ್ಲ ಅವನು ಅರ್ಬಾಬ್ ಎಂದೇ ಕರೆಯುತ್ತಿದ್ದ.

ಇಪ್ಪತ್ತು ದಿನದ ಹಿಂದೆ ಹಳ್ಳಕ್ಕೆ ಬಂದ ಪ್ರವಾಹ, ಊರಿನ ಒಂದೇ ನೀರಿನ ದಾರಿಯಾದ ಫಲಜ್ ಕಾಲುವೆಯ ಮೇಲೆ ಐವತ್ತು ಹೆಜ್ಜೆ ಉದ್ದಕ್ಕೂ ಜಲ್ಲಿ ಪೇರಿಸಿ, ಬಾಯಿ ಮುಚ್ಚಿಸಿ ಹೋಗಿತ್ತು. ಕಾಲುವೆಗೆ ಮುತ್ತಾತಂದಿರು ಹೊದಿಸಿದ ಕಲ್ಲುಚಪ್ಪಡಿಗಳು ಕೆಳಗೆಲ್ಲೋ ಇದ್ದವು. ಯಂತ್ರದ ಬಕೆಟ್ಟು ಬಿದ್ದು ಒಂದು ಒಡೆದರೂ ಉಳಿದವು ಕುಸಿಯುತ್ತವೆ. ಮತ್ತೆ ಕಟ್ಟಬಲ್ಲವರು ಊರಲ್ಲಿ ಯಾರೂ ಉಳಿದಿಲ್ಲ. ಫಲಜ್ ನೋಡಿಕೊಳ್ಳುವ ಖಲ್ಫಾನನೋ ಇವತ್ತೇ ನೀರು ಬರುತ್ತದೆಂದು ಮಸೀದಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ.

ಶೇರ್‌ಜಮಾನ್ ಎಂಜಿನ್ ಶುರುಮಾಡಿ, ಕೆಳಗಿಳಿದು ಬಂದು ತೋಳಿನ ಕಡೆ ಕಣ್ಣು ಕಿರಿದಾಗಿಸಿದ. ಎಣ್ಣೆ ಹರಿಯುವ ರಬ್ಬರ್ ಪೈಪಿನ ಮೇಲಿನ ಧೂಳು ಒಂದು ಕಡೆ ಒದ್ದೆಯಾಗಿತ್ತು. ಖಲ್ಫಾನ್ ಬೆರಳು ಚಾಚಿದ್ದೇ ತಡ, ಫಟ್ಟನೆ ಕೈಮೇಲೆ ಏಟು ಬಿತ್ತು.

"ಬೆರಳಿಡಬೇಡಿ! ಒತ್ತಡಕ್ಕೆ ಎಣ್ಣೆ ಸೂಜಿ ಥರ ಚರ್ಮದೊಳಗೆ ನುಗ್ಗುತ್ತೆ." ಶೇರ್‌ಜಮಾನ್ ಹಳೇ ರಟ್ಟಿನ ತುಂಡೊಂದನ್ನು ದೂರದಿಂದಲೇ ಹಿಡಿದ. ರಟ್ಟಿನ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿತು.

"ಇಷ್ಟಕ್ಕೇನಾ? ಸಂಜೆ ನೋಡ್ಕೊಳ್ಳೋಣ."

"ಪೈಪು ಒಡೆದು ತೋಳು ಕುಸಿದ್ರೆ, ಸಂಜೆ ನಿಮ್ಮ ಚಪ್ಪಡಿ ಇರಬೇಕಲ್ಲ!"

ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಹಿಡಿಕೆಗಳನ್ನು ಆಚೀಚೆ ಆಡಿಸಿ ಒತ್ತಡ ಇಳಿಸಿದ. ಸೀಟಿನ ಹಿಂದಿದ್ದ ಹೊಸ ಪೈಪು ಹಾಕಲು ಒಂದು ಗಂಟೆ ಹಿಡಿಯಿತು. ಆಮೇಲೆ ಹಳೆಯದನ್ನು ಖಲ್ಫಾನನ ಕಣ್ಣೆದುರು ಮಡಚಿದ; ಅದು ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ಖಲ್ಫಾನ್ ಹೋಗಿ, ಫ್ಲಾಸ್ಕಿನಿಂದ ಕಹ್ವಾ ಕಾಫಿ ಬಗ್ಗಿಸಿ ತಂದುಕೊಟ್ಟ.

ಯಂತ್ರ ಅಲುಗದಂತೆ ಅದರ ಎರಡು ಊರುಗಾಲಿನಡಿಗೂ ಹಲಗೆ ಕೊಟ್ಟು ಶೇರ್‌ಜಮಾನ್ ಅಗೆದ. ಮೊಳದಷ್ಟು ಜಲ್ಲಿ ಉಳಿದಾಗ ನಿಲ್ಲಿಸಿ, "ಇನ್ನು ನಿಮ್ಮ ಸಲಿಕೆ" ಎಂದ. ಊರವರು ಇಳಿದು, ಕಾಲುವೆಯ ಬಾಯಿಗೆ ತುಂಬಿದ್ದನ್ನೂ ಎತ್ತಿದರು. ಚಪ್ಪಡಿ ಒಂದೂ ಬಿರುಕು ಬಿಟ್ಟಿರಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಕೆಸರು ನೀರು, ಹಿಂದೆಯೇ ತಿಳಿನೀರು ಬಂತು.

ಊರಿನ ಸರದಿಯಲ್ಲಿ ಮೊದಲ ಅರ್ಧ ಗಂಟೆಯ ಪಾಲು ಖಲ್ಫಾನನದು. ಅವನು ತನ್ನ ತೋಟದ ತೂಬು ತೆಗೆಯಲಿಲ್ಲ.

"ಖಾನ್, ಈ ಸರದಿ ನಿಂದು."

"ನಂಗೆ ಮರ ಎಲ್ಲಿವೆ, ಅರ್ಬಾಬ್?"

"ನಿನ್ನ ಮದುಮಗಳ ಮೈಯೆಲ್ಲ ಮಣ್ಣಾಗಿದೆ ನೋಡು."

ಊರವರು ಗೊಳ್ಳೆಂದು ನಕ್ಕರು. ಕಬ್ಬಿಣಕ್ಕೆ ಫಲಜಿನ ಪಾಲು ಕೊಟ್ಟದ್ದನ್ನು ಅವರು ಕಂಡಿದ್ದೇ ಇಲ್ಲ. ಎಣ್ಣೆ ಕಾಲುವೆಗೆ ಸೇರದಿರಲೆಂದು ಯಂತ್ರವನ್ನು ದೂರ ನಿಲ್ಲಿಸಿದರು. ಖಲ್ಫಾನನೇ ಕೊಡ ಹೊತ್ತ.

ತೊಳೆದದ್ದಾದ ಮೇಲೆ ಅವನು ಗ್ರೀಸ್ ಗನ್ನಿಗೂ ಕೈ ಚಾಚಿದ. ಕೀಲಿನ ಅಂಚಿನಿಂದ ಮರಳು ಬೆರೆತ ಕಪ್ಪು ಗ್ರೀಸು ಹೊರಬಂತು.

"ಸಾಕಾ?"

"ಇನ್ನೊಂದ್ಸಲ."

ಖಲ್ಫಾನ್ ಬಗ್ಗಿ ಒತ್ತಿದ. ಕಪ್ಪಿನ ಹಿಂದೆ, ನಿಧಾನವಾಗಿ, ಹೊಸ ಗ್ರೀಸಿನ ಹಳದಿ ಇಣುಕಿತು.