ಹತ್ತದೇ ಹೋದವರ ಎಣಿಕೆ

ಎಣಿಸುವುದು ನನ್ನ ಕಸುಬು. ಯಾರಾದರೂ "ಆ ಬಸ್ಸು ಯಾವಾಗಲೂ ತುಂಬಿರುತ್ತದೆ" ಎಂದರೆ ನನಗೆ ಮೈ ಉರಿಯುತ್ತದೆ. ಯಾವಾಗಲೂ ಅಂದರೆ ಯಾವಾಗ? ತುಂಬಿರುವುದು ಅಂದರೆ ಎಷ್ಟು ಮಂದಿ? ಹನ್ನೊಂದು ವರ್ಷದಿಂದ ಒಂದು ಸರ್ವೇ ಕಂಪನಿಯ ಪರವಾಗಿ ಬಸ್ಸುಗಳನ್ನು ಅಳೆಯುತ್ತಿದ್ದೇನೆ. ಎಷ್ಟಕ್ಕೆ ಹೊರಟಿತು, ಎಷ್ಟು ತಡವಾಯಿತು, ಎಷ್ಟು ಸೀಟು ತುಂಬಿತು, ಇಷ್ಟೇ ನನ್ನ ಲೋಕ. ಮದುವೆಮನೆಗೆ ಹೋದರೆ ಪಂಕ್ತಿ ಎಣಿಸಕೂಡದು ಎಂದು ಹೆಂಡತಿ ತ್ರಿವೇಣಿ ಹೊಸ್ತಿಲಲ್ಲೇ ಮಾತು ತೆಗೆದುಕೊಳ್ಳುತ್ತಾಳೆ.

ಹೋದ ಚಳಿಗಾಲ ಆಂಧ್ರದ ಪೆದ್ದಕಡುಬೂರಿನಿಂದ ಆದವಾನಿಗೆ ಬರುವ ಬೆಳಗಿನ ಮೊದಲ ಟ್ರಿಪ್ಪು ನನ್ನ ಪಾಲಿಗೆ ಬಂತು. ಸೋಮವಾರ, ಮಂಗಳವಾರ, ಬುಧವಾರ ಎಣಿಸಬೇಕು. ಐವತ್ತು ಸೀಟಿನ ಬಸ್ಸು, ಹೆಂಗಸರಿಗೆ ಸರ್ಕಾರದ ಪುಕ್ಕಟೆ ಪ್ರಯಾಣ. ದಿನಕ್ಕೆ ಸರಾಸರಿ ಮೂವತ್ತು ಜನವಾದರೂ ಬರಬೇಕು, ಇಲ್ಲವಾದರೆ ಟ್ರಿಪ್ಪು ರದ್ದು. ಬಸ್ಸು ಹತ್ತಿ ಎಂದು ಜನಕ್ಕೆ ನಾನೂ ಹೇಳುವಂತಿಲ್ಲ, ಬಸ್ಸಿನ ಸಿಬ್ಬಂದಿಯೂ ಹೇಳುವಂತಿಲ್ಲ. ವರದಿ ಕೊಡುವ ತನಕ ಫಲಿತಾಂಶದ ಬಗ್ಗೆ ಬಾಯಿ ಬಿಡುವಂತಿಲ್ಲ. ಈ ನಿಯಮಗಳನ್ನು ನಾನು ಒಮ್ಮೆಯೂ ಮುರಿದವನಲ್ಲ, ಅದರ ಜಂಬವೂ ನನಗಿತ್ತು.

ಕಂಡಕ್ಟರ್ ಮಹೇಶ್ವರಿ ಆರೂವರೆಗೆ ಅಂದರೆ ಆರೂವರೆಗೇ ಬಸ್ಸು ಬಿಡಿಸಿದಳು. ಅಷ್ಟಕ್ಕೇ ನನಗೆ ಆಕೆಯ ಮೇಲೆ ಗೌರವ ಹುಟ್ಟಿತು. ಆದರೆ ಬಸ್ಸಿನಲ್ಲಿ ಜನವೇ ಇಲ್ಲ. ಆದವಾನಿಗೆ ಒಂಬತ್ತು ಕಿಲೋಮೀಟರ್ ಇರುವಾಗ ಬೇವಿನಗಿಡದ ಸ್ಟೇಜ್ ಬರುತ್ತದೆ. ಡ್ರೈವರ್ ರೂಢಿಬಲದಿಂದ ಬ್ರೇಕ್ ಒತ್ತಿದ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಹೇಶ್ವರಿ ಬಾಗಿಲಲ್ಲಿ ನಿಂತು ಖಾಲಿ ಕಟ್ಟೆಯನ್ನು ನೋಡಿ, "ರೈಟ್" ಎಂದಳು. ಅವತ್ತಿನ ಲೆಕ್ಕ ಹದಿನಾಲ್ಕು.

ಮಂಗಳವಾರ ಹದಿಮೂರು. ಆದರೆ ಆ ದಿನ ಎಡಗಡೆ ಸೀಟು ಹಿಡಿದಿದ್ದೆ, ಕಿಟಕಿಯಾಚೆ ಏನೋ ಕಂಡಿತು. ರಸ್ತೆಯಂಚಿನಲ್ಲಿ ಹೆಂಗಸರು ಬುತ್ತಿಚೀಲ ಹಿಡಿದು ಸಾಲಾಗಿ ಆದವಾನಿಯ ಕಡೆಗೆ ನಡೆಯುತ್ತಿದ್ದರು. ಹಾರ್ನ್ ಕೇಳಿದ್ದೇ ತಡ, ಕೆಳಗಿಳಿದು ಹೊಲದ ಕಡೆ ಮುಖ ಮಾಡಿ ನಿಂತರು. ಕೈ ಸುಮ್ಮನಿರಬೇಕಲ್ಲ, ಎಣಿಸಿದೆ. ನಲವತ್ತನಾಲ್ಕು.

"ಯಾರು ಇವರು?" ಎಂದು ಮಹೇಶ್ವರಿಯನ್ನು ಕೇಳಿದೆ.

"ಜಿನ್ನಿಂಗ್ ಮಿಲ್ಲಿನ ಕೂಲಿಯೋರು ಸಾರ್."

"ಬಸ್ ಯಾಕ ಹತ್ತವಲ್ರು?"

"ಅದನ್ನ ಅವರನ್ನ ಕೇಳ್ರಿ. ನಾ ಹೇಳಂಗಿಲ್ಲ."

ಮಧ್ಯಾಹ್ನ ಊಟದ ಹೊತ್ತಿಗೆ ಮಿಲ್ಲಿನ ಗೇಟಿಗೆ ಹೋದೆ. ದಾರಿಯವರನ್ನು ವಿಚಾರಿಸಲು ನಿಯಮದ ಅಡ್ಡಿ ಇರಲಿಲ್ಲ. ಹತ್ತಿಯ ಧೂಳು ಕೂದಲಿಗೆಲ್ಲ ಮೆತ್ತಿಕೊಂಡ ಹೆಂಗಸರು ನೆರಳಿನಲ್ಲಿ ರೊಟ್ಟಿ ತಿನ್ನುತ್ತಿದ್ದರು. ವೆಂಕಮ್ಮ ಎಂಬಾಕೆ ಅವರ ಮುಂದಾಳು. ಐವತ್ತು ದಾಟಿದ ಗಟ್ಟಿ ಜೀವ. ಬೆಳಗಿನ ಬಸ್ಸು ಯಾಕೆ ಹತ್ತಲಿಲ್ಲ ಎಂದು ಕೇಳಿದೆ.

"ಬಸ್ ಲಾಸಿನ್ಯಾಗ ಐತಂತ, ಫ್ರೀ ಹೆಂಗಸ್ರು ಜಾಸ್ತಿ ಆಗ್ಯಾರಂತ. ಒಬ್ರು ಸಾರು ಮೂರು ದಿನ ನೋಡಾಕ ಬರ್ತಾರ ಅಂತ ಚಾದಂಗಡ್ಯಾಗ ಅಂದ್ರು. ನಮ್ಮಿಂದ ಬಸ್ಸಿಗೆ ಕೆಟ್ಟ ಹೆಸರು ಯಾಕ? ರೊಕ್ಕ ಕೊಡೋರು ಆರಾಮ ಕುಂತು ಬರ್ಲಿ, ಮೂರು ದಿನ ನಾವು ನಡಕೊಂಡು ಹೋಗಾಣ ಅಂತ ಮಾತಾಡಿಕೊಂಡ್ವಿ. ಎಂಟಕ್ಕ ಗೇಟು ಬಂದ್. ಅದಕ್ಕ ಐದೂವರಿಗೆ ಮನಿ ಬಿಡ್ತೀವಿ."

ಬಸ್ಸಿಗೆ ಒಳ್ಳೆಯ ಅಂಕ ಬರಲೆಂದು ಒಂಬತ್ತು ಕಿಲೋಮೀಟರ್ ನಡೆದು, ಆಮೇಲೆ ದಿನವಿಡೀ ಹತ್ತಿ ಹೊರುವ ಜನ! ಸಿಟ್ಟು ಬಂತು, ಅವರ ಮೇಲಲ್ಲ, ಆ ಚಹಾದಂಗಡಿಯ ಪಂಡಿತನ ಮೇಲೆ.

ವೆಂಕಮ್ಮ ನನ್ನ ಕೈಯ ಹಾಳೆ ನೋಡಿದಳು. "ನೀವು ಆ ಸಾರೇನು? ನಮ್ಮಂಥ ಫ್ರೀ ಮಂದೀನೂ ಎಣಿಸ್ತೀರೇನ್ರಿ?"

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ತಪ್ಪಲ್ಲ. "ಎಣಿಸ್ತೀನವ್ವಾ. ನಾ ನೋಡೋದು ತಲಿ. ರೊಕ್ಕ ಕೊಟ್ಟೋರೂ ಒಂದ, ಕೊಡದೋರೂ ಒಂದ," ಎಂದೆ.

ಆಕೆಯ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. "ಅಯ್ಯೋ ದೇವುಡಾ! ಅಂದ್ರ ಎರಡು ದಿನ ನಿಮಗ ಖಾಲಿ ಬಸ್ ತೋರಿಸಿದ್ವೇನು?"

ಅದಕ್ಕೆ ಉತ್ತರಿಸಿದರೆ ನಿಯಮ ಮುರಿದಂತೆ, ಹಾಳೆ ಮಡಚಿ ಎದ್ದೆ. ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಬಂದೆ. ಡ್ಯೂಟಿ ಮುಗಿಸಿ ಚೀಲ ಹೆಗಲಿಗೇರಿಸುತ್ತಿದ್ದ ಮಹೇಶ್ವರಿಯ ಮೇಲೆ ಹರಿಹಾಯ್ದೆ.

"ನಿಮಗ ಮೊದಲ ಗೊತ್ತಿತ್ತು!"

"ಸೋಮವಾರನ ಗೊತ್ತಾತು ಸಾರ್."

"ಮತ್ತ ಒಂದು ಮಾತು ಅವರಿಗೆ ಹೇಳಬಾರದಿತ್ತೇನು?"

"ಹೇಳಿ ಹತ್ತಿಸಿದ್ರ ಅದು ನಾ ತುಂಬಿಸಿದ ಬಸ್ ಆಗ್ತಿತ್ತು. ನಾಳೆ ಯಾರಾರ ಈ ಎಣಿಕಿ ಸುಳ್ಳು ಅಂದ್ರ, ಆಮ್ಯಾಲ ಈ ಟ್ರಿಪ್ಪಿನ ಪರವಾಗಿ ಯಾರ ಮಾತು ನಡೀತೈತಿ?" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಟ್ರಿಪ್ ಹೋದ್ರ ನನಗ ಬ್ಯಾರೆ ಡ್ಯೂಟಿ ಸಿಗತೈತಿ. ಅವರಿಗೆ ಬ್ಯಾರೆ ಬಸ್ ಸಿಗಂಗಿಲ್ಲ. ಎರಡು ದಿನದಿಂದ ಅನ್ನ ಇಳಿದಿಲ್ಲ ನನಗ."

ನನ್ನ ಜಂಬವೆಲ್ಲ ಇಳಿದುಹೋಯಿತು. ಎಣಿಕೆಯ ಮೇಲೆ ನನಗಿಂತ ಹೆಚ್ಚಿನ ನಿಷ್ಠೆ ಇರುವವರು ಇಲ್ಲಿದ್ದಾರೆ, ಅದೂ ಅದರಿಂದ ನಷ್ಟ ಅನುಭವಿಸುತ್ತಾ. ಕೈಮುಗಿಯಬೇಕೆನಿಸಿತು. ಹಾಗೆ ಮಾಡಿದ್ದರೆ ಆಕೆಗೇ ಮುಜುಗರವಾಗುತ್ತಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಮೂರು ದಿನಕ್ಕೆ ತೊಂಬತ್ತು ಬೇಕು. ಎರಡು ದಿನಕ್ಕೆ ಬಂದದ್ದು ಇಪ್ಪತ್ತೇಳು. ಬುಧವಾರ ಅರವತ್ಮೂರು ಜನ ಹತ್ತಬೇಕು. ರೊಕ್ಕ ಕೊಟ್ಟು ಬರುವವರು ಹದಿನಾಲ್ಕು, ನಡೆಯುವ ಹೆಂಗಸರೆಲ್ಲ ಹತ್ತಿದರೂ ನಲವತ್ತನಾಲ್ಕು. ಒಟ್ಟು ಐವತ್ತೆಂಟು. ಐದು ಕಡಿಮೆ! ಮತ್ತೆ ಮತ್ತೆ ಕೂಡಿಸಿದೆ, ಬದಲಾಗಲಿಲ್ಲ. ಹಾಳೆಯಲ್ಲಿ ಐದು ಗೆರೆ ಹೆಚ್ಚಿಗೆ ಎಳೆಯಲು ಎಷ್ಟು ಹೊತ್ತು ಬೇಕು? ಪೆನ್ನು ಎತ್ತಿದೆ ಕೂಡ. ಮಹೇಶ್ವರಿಯ ಮಾತು ಕಿವಿಯಲ್ಲಿತ್ತು, ಕೈ ಬರಲಿಲ್ಲ.

ಬುಧವಾರ ಬೇವಿನಗಿಡದ ಕಟ್ಟೆ ಕಾಣುತ್ತಲೇ ಎದ್ದು ನಿಂತೆ. ಕಟ್ಟೆಯ ಸುತ್ತ ಬಣ್ಣಬಣ್ಣದ ಸೀರೆಗಳು. ಬಾಗಿಲು ತೆರೆದದ್ದೇ ಹೆಂಗಸರು ನುಗ್ಗಿದರು. ಆಧಾರ್ ಕಾರ್ಡುಗಳು ಮೇಲೆದ್ದವು, ಮಹೇಶ್ವರಿಯ ಮಿಷನ್ನು ಎಡೆಬಿಡದೆ ಝೀರೊ ಟಿಕೆಟ್ಟುಗಳನ್ನು ಉಗುಳಿತು. ಮೂಲೆಗೊತ್ತಿದ ನನ್ನ ಕಾಲನ್ನು ಯಾರೋ ತುಳಿದರು. ನಲವತ್ತೆರಡು, ನಲವತ್ಮೂರು, ನಲವತ್ತನಾಲ್ಕು. ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಹಿಂದಿನಿಂದ ಇನ್ನೂ ಎಂಟು ಮಂದಿ, ಒಬ್ಬರ ರಟ್ಟೆ ಒಬ್ಬರು ಹಿಡಿದು, ಮೆಟ್ಟಿಲ ಮೇಲೆ ಕಷ್ಟಪಟ್ಟು ಕಾಲಿಡುತ್ತಾ ಹತ್ತಿದರು. ಕೊನೆಯವಳು ಕೊಟ್ರಮ್ಮ ಎಂಬಾಕೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಮಹೇಶ್ವರಿ ಆಕೆಯ ಸೊಂಟ ಹಿಡಿದು ಮೇಲೆತ್ತಿಕೊಂಡಳು.

ಆದವಾನಿಯ ಮಿಲ್ಲು ಹತ್ತಿರವಾಗುವ ಹೊತ್ತಿಗೆ ಮತ್ತೊಮ್ಮೆ ಎಣಿಸಿದೆ. ಅರವತ್ತಾರು. ಮೂರು ದಿನದ್ದೆಲ್ಲ ಸೇರಿ ತೊಂಬತ್ಮೂರು. ಕಾಲಿನ ನೋವು ಮರೆತುಹೋಯಿತು.

"ಈ ಎಂಟು ಮಂದಿ ನಿನ್ನೆ ದಾರ್ಯಾಗ ಇರಲಿಲ್ಲಲ್ಲವ್ವಾ?" ಎಂದು ವೆಂಕಮ್ಮನನ್ನು ಕೇಳಿದೆ.

"ಅಷ್ಟು ದೂರ ನಡ್ಯಾಕ ಆಗಂಗಿಲ್ರಿ ಅವರಿಗೆ. ಹತ್ತಬಾರದು ಅಂತ ಎಲ್ರೂ ಮಾತಾಡಿಕೊಂಡಿದ್ವಲ್ಲ, ಎರಡು ದಿನ ಮನ್ಯಾಗ ಕುಂತ್ರು. ಕೂಲಿ ಹೋತು."

ಕೊಟ್ರಮ್ಮ ಮೊಣಕಾಲು ನೀವಿಕೊಳ್ಳುತ್ತಾ ತಲೆಯೆತ್ತಿದಳು. "ಕೂಲಿ ಹೋದ್ರ ಹೋಗ್ಲಿ. ಬಸ್ ಉಳೀತೈತೇನ್ರಿ ಸಾರ್?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವರದಿ ಹೋಗುವ ಮುಂಚೆ ನಾನು ಬಾಯಿ ಬಿಡುವಂತಿರಲಿಲ್ಲ.

"ಉಳೀತೈತವ್ವಾ," ಎಂದೆ. "ನೀವು ಎಂಟು ಮಂದಿ ಹತ್ತಿದ್ದಕ್ಕ ಉಳೀತೈತಿ."