ಅಬೇನಿಯ ಮರಗಾಲು

ಅಬೇನಿ ಮೊಣಕಾಲು ನೋವೆಂದಾಗ ಅವಳ ತಾಯಿ ಜೋಸೆಟ್ ಮೊದಲು ಬೈದದ್ದು ಮರಗಾಲಿನ ಪಟ್ಟಿಯನ್ನು. ಕಾರ್ನಿವಲ್ ಹಬ್ಬದ ಮೆರವಣಿಗೆಯಲ್ಲಿ ತಾಯಿ ಮಗಳಿಬ್ಬರೂ ಕಾಲಿಗೆ ಉದ್ದ ಕೋಲಿನ ಮರಗಾಲು ಕಟ್ಟಿ ನಡೆಯುವ ಮನೆಯಲ್ಲಿ ಮೊಣಕಾಲು ನೋವಿಗೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಪಟ್ಟಿ ಬಿಗಿಯುವುದೇ ಮೊಣಕಾಲಿನ ಕೆಳಗೆ. ಸಡಿಲವಾದರೆ ಬೀಳುತ್ತಾರೆ, ಬಿಗಿಯಾದರೆ ನೋಯುತ್ತದೆ. ಜೋಸೆಟ್ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಪಟ್ಟಿಯ ಅಡಿಗೆ ಇಟ್ಟಳು. ನೋವು ಹೋಗಲಿಲ್ಲ. ಇನ್ನೊಂದು ಪದರ ಇಟ್ಟಳು.

ಹುಡುಗಿಗೆ ಆಗ ಆರು ವರ್ಷ. ನೆಲದ ಮೇಲೆ ನಡೆಯುವಾಗ ಎಡಗಾಲು ಎಳೆಯುತ್ತಿದ್ದಳು. ಮರಗಾಲು ಹತ್ತಿದಳೆಂದರೆ ಕುಂಟು ಮಾಯ. ಮರಗಾಲಿನ ಮೇಲೆ ಯಾರೂ ಸುಮ್ಮನೆ ನಿಲ್ಲುವಂತಿಲ್ಲ. ಅತ್ತ ಇತ್ತ ತೂಗುತ್ತಲೇ ಇರಬೇಕು, ತೂಗುವುದು ನಿಂತರೆ ಉರುಳಿದಂತೆಯೇ. ಅಷ್ಟು ತೂಗಾಟದಲ್ಲಿ ಒಂದು ಸಣ್ಣ ಕುಂಟು ಯಾರ ಕಣ್ಣಿಗೆ ಬಿದ್ದೀತು?

“ಸ್ಕೂಲಿಗೆ ಹೋಗು ಅಂದ್ರೆ ಕುಂಟ್ತಾಳೆ, ಮೋಕೊ ಮರಗಾಲು ಅಂದ್ರೆ ಹಾರ್ತಾಳೆ. ಎಂಥಾ ಕಳ್ಳಿ ನೋಡು ಇವಳು!” ಎಂದು ಮರಗಾಲು ತಂಡದ ಯಜಮಾನ ಗಾರ್ನೆಟ್ ಅವಳ ಜಡೆ ಎಳೆದು ನಗುತ್ತಿದ್ದ. ತಂಡ ಅಭ್ಯಾಸ ಮಾಡುವ ಬೆಲ್ಮಾಂಟಿನ ಅಂಗಳದಲ್ಲಿ ಎಲ್ಲರೂ ನಗುತ್ತಿದ್ದರು. ಜೋಸೆಟ್ ಕೂಡ ನಕ್ಕಿದ್ದಳು. ಆ ನಗು ಆಮೇಲೆ ಅವಳಿಗೆ ಎಷ್ಟೋ ಸಲ ನೆನಪಾಯಿತು. ಬೇಕರಿಯಲ್ಲಿ ನಿಂತು ತೆಂಗಿನಕಾಯಿ ಬ್ರೆಡ್ಡಿಗೆ ಹಿಟ್ಟು ನಾದುವಾಗ ಬೇಡವೆಂದರೂ ಬರುತ್ತಿತ್ತು.

ಕೊನೆಗೆ ದೊಡ್ಡಾಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಸೂಕ್‌ದೇವ್ ಮೊಣಕಾಲನ್ನು ಮುಟ್ಟಿ ನೋಡಿ ಬಿಟ್ಟರು. ತೊಡೆಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ಅಬೇನಿ ಚೀರಿದಳು.

“ನೋವು ಕಾಣಿಸ್ಕೊಳ್ಳೋದು ಮೊಣಕಾಲಲ್ಲಿ, ಇರೋದು ಸೊಂಟದಲ್ಲಿ,” ಎಂದರು ಡಾಕ್ಟರಮ್ಮ. ಎಕ್ಸ್‌ರೇ ಬಂದ ಮೇಲೆ ಹುಡುಗಿಯನ್ನು ಹೊರಗೆ ಕೂರಿಸಿ, ಅದನ್ನು ಬೆಳಕಿಗೆ ಹಿಡಿದು, ತೊಡೆಮೂಳೆಯ ಮೇಲ್ತುದಿಯಲ್ಲಿರುವ ಚೆಂಡಿನಂಥ ಗುಂಡನ್ನು ತೋರಿಸಿದರು. ಬಲಗಾಲಿನಲ್ಲಿ ಅದು ದುಂಡಗಿತ್ತು. ಎಡಗಾಲಿನಲ್ಲಿ ಚಪ್ಪಟೆಯಾಗುತ್ತ ಬಂದಿತ್ತು.

“ಈ ಗುಂಡಿಗೆ ರಕ್ತ ಹೋಗೋದು ನಿಂತುಬಿಟ್ಟಿದೆ. ಯಾಕೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ. ಮರಗಾಲಿಂದ ಆದದ್ದಲ್ಲ, ಅದನ್ನ ತಲೆಯಿಂದ ತೆಗೆದುಹಾಕಿ. ರಕ್ತ ಇಲ್ಲದೆ ಮೂಳೆ ಸತ್ತಿದೆ. ಇನ್ನು ಮೆತ್ತಗಾಗುತ್ತೆ, ಚೂರಾಗುತ್ತೆ. ಆಮೇಲೆ ರಕ್ತ ತಾನಾಗೇ ತಿರುಗಿ ಬರುತ್ತೆ, ಹೊಸ ಮೂಳೆ ಕಟ್ಟುತ್ತೆ. ಚಿಕ್ಕ ಮಕ್ಕಳಲ್ಲಿ ಅದೊಂದು ಪುಣ್ಯ. ಆದರೆ ಮೆತ್ತಗಿರೋವಾಗ ಭಾರ ಬಿದ್ದರೆ ಭಾರ ಬಿದ್ದ ಆಕಾರಕ್ಕೇ ಕೂರುತ್ತೆ. ಹಾರೋದು, ಕುಣಿಯೋದು, ಮರಗಾಲು, ಯಾವುದೂ ಬೇಡ. ಊರುಗೋಲು ಕೊಡ್ತೀವಿ. ಸಮುದ್ರದಲ್ಲಿ ಈಜಲಿ, ಎಷ್ಟು ಬೇಕಾದರೂ ಈಜಲಿ.”

“ಎಷ್ಟು ದಿನ ಡಾಕ್ಟ್ರೇ?”

“ದಿನ ಅಲ್ಲ. ವರ್ಷ. ಮೂರು ಅಂದ್ಕೊಳ್ಳಿ, ನಾಲ್ಕಾದರೂ ಆಗಬಹುದು.”

ಹೊರಗಿನ ಬೆಂಚಿನ ಮೇಲೆ ಅಬೇನಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಉಂಡೆ ಚೀಪುತ್ತಿದ್ದಳು. “ಮಮ್ಮಿ, ನಾನು ಮತ್ತೆ ಯಾವಾಗ ಹತ್ತೋದು?” ಎಂದು ಕೇಳಿದಳು.

ಆರು ವರ್ಷದ ಮಗುವಿಗೆ ನಾಲ್ಕು ವರ್ಷವೆಂದರೆ ಏನೆಂದು ಹೇಳುವುದು? ಜೋಸೆಟ್ ಬಾಯಿಗೆ ಬಂದದ್ದನ್ನು ಹೇಳಿದಳು. “ಬರೋ ಕಾರ್ನಿವಲ್ಲಿಗೆ, ನನ್ನ ಮುದ್ದು ದೂದೂ. ಅಲ್ಲಿವರೆಗೆ ಒಳ್ಳೆ ಹುಡುಗಿಯಾಗಿರಬೇಕು.”

ಹುಡುಗಿ ಒಳ್ಳೆಯವಳಾಗಿಯೇ ಇದ್ದಳು, ಅದೇ ಕಷ್ಟವಾದದ್ದು. ಹಗ್ಗದಾಟಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಊರುಗೋಲನ್ನು ಬಿಸಾಡುತ್ತಿರಲಿಲ್ಲ. ಭಾನುವಾರ ಕ್ಯಾರನೇಜಿನ ಸಮುದ್ರದಲ್ಲಿ ಮೀನಿನ ಹಾಗೆ ಈಜಿ, ದಡಕ್ಕೆ ತೆವಳಿಕೊಂಡು ಬಂದು, ಊರುಗೋಲಿಗೆ ಕೈ ಚಾಚುತ್ತಿದ್ದಳು. ಅವಳ ಕೆಂಪು ಬಣ್ಣದ ಪುಟ್ಟ ಮರಗಾಲು ಮನೆಯ ಗೋಡೆಯಲ್ಲಿ ಮೊಳೆಗೆ ತೂಗುತ್ತಿತ್ತು. ಶನಿವಾರ ಬಂದರೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಜೋಸೆಟ್ ನಿಜ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದಳು, ಊಟ ಮಾಡು ಬಾ ಎನ್ನುತ್ತಿದ್ದಳು.

ವರ್ಷ ಕಳೆದು ಕಾರ್ನಿವಲ್ ಹತ್ತಿರ ಬಂದಾಗ ಮತ್ತೆ ಎಕ್ಸ್‌ರೇ ತೆಗೆದರು. ಗುಂಡು ಗುಂಡಾಗಿರಲಿಲ್ಲ. ಕಲ್ಲು ಬಿದ್ದು ಒಡೆದ ಬಿಸ್ಕತ್ತಿನಂತೆ ಚೂರುಚೂರಾಗಿತ್ತು.

“ಗಾಬರಿಯಾಗ್ಬೇಡಿ. ಇದು ಹೀಗೇ ಹೋಗೋದು,” ಎಂದರು ಡಾಕ್ಟರ್. “ಕೆಟ್ಟದ್ದಾಗಿ ಕಾಣ್ತಿದೆ, ಆದರೆ ಹಳೇದು ಖಾಲಿಯಾಗ್ತಿದೆ, ಹೊಸದಕ್ಕೆ ಜಾಗ ಆಗ್ತಿದೆ. ಈಗಲೇ ಎಲ್ಲಕ್ಕಿಂತ ಮೆತ್ತಗಿರೋದು. ಈಗ ಮಾತ್ರ ಹುಷಾರು ತಪ್ಪಬೇಡಿ.”

ಅವತ್ತೂ ಜೋಸೆಟ್ ಮಗಳಿಗೆ ಹೇಳಲಿಲ್ಲ. ಕಾರ್ನಿವಲ್ ಮುಗಿಯಲಿ, ಎಲ್ಲರೂ ಮರಗಾಲು ಒಳಗಿಟ್ಟ ಮೇಲೆ ಹೇಳಿದರಾಯಿತು ಎಂದುಕೊಂಡಳು. ಅಬೇನಿಯೂ ಏನೂ ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ, ಅಮ್ಮ ಹೇಳಿಯಾಗಿತ್ತಲ್ಲ.

ಮಕ್ಕಳ ಮೆರವಣಿಗೆಯ ಬೆಳಿಗ್ಗೆ ಜೋಸೆಟ್ ಬೇಕರಿಯಿಂದ ಮನೆಗೆ ಬಂದರೆ ಗೋಡೆಯ ಮೊಳೆ ಬರಿದಾಗಿತ್ತು. ಕಟ್ಟಿಕೊಂಡಿದ್ದ ಏಪ್ರನ್ನನ್ನೂ ಬಿಚ್ಚದೆ ಗಾರ್ನೆಟ್‌ನ ಅಂಗಳಕ್ಕೆ ಓಡಿದಳು.

ಮರಗಾಲು ಕಟ್ಟುವುದು ಎತ್ತರದ ಗೋಡೆಯ ಮೇಲೆ ಕೂರಿಸಿ. ಕಟ್ಟಿ ಮುಗಿದರೆ ಮುಂದಕ್ಕೆ ಬಾಗಿದರಾಯಿತು, ನಿಂತಂತೆ. ಆ ಗೋಡೆಯ ಮೇಲೆ ಮಕ್ಕಳ ಸಾಲಿನಲ್ಲಿ ಅಬೇನಿ ಕೂತಿದ್ದಳು. ಒಂದು ಕಾಲಿಗೆ ಕೆಂಪು ಮರಗಾಲು ಬಿಗಿದಾಗಿತ್ತು. ಗಾರ್ನೆಟ್ ಹಾಡು ಗುನುಗುತ್ತ ಇನ್ನೊಂದು ಕಾಲಿಗೆ ಪಟ್ಟಿ ಸುತ್ತುತ್ತಿದ್ದ.

“ಗಾರ್ನೆಟ್! ಬಿಡು ಅದನ್ನ!”

“ಏನಾಯ್ತೇ? ನೀನೇ ಈ ಕಾರ್ನಿವಲ್ಲಿಗೆ ಅಂದಿದ್ಯಂತೆ? ಮಗು ವರ್ಷವಿಡೀ ಅದನ್ನೇ ಹೇಳ್ತಾ ಬಂದಿದೆ.”

ಜೋಸೆಟ್ ಏದುಸಿರು ಬಿಡುತ್ತ ಗೋಡೆಯ ಬುಡದಲ್ಲಿ ನಿಂತಳು. ಕೈ ಚಾಚಿದರೆ ಮಗಳ ಕಾಲು ಸಿಗುತ್ತಿತ್ತು. ಎಳೆಯಲಿಕ್ಕೆ ಭಯ. ಮಗಳು ಮುಂದಕ್ಕೆ ಬಾಗಿದರೆ ಆ ಚೂರು ಮೂಳೆಯ ಮೇಲೆ ಇಡೀ ಮೈ ಬೀಳುತ್ತದೆ.

“ಇಳಿ, ಅಬೇನಿ.”

“ಇಳಿಯಲ್ಲ. ನಾನು ಒಳ್ಳೆ ಹುಡುಗಿಯಾಗಿದ್ನಲ್ಲ?”

“ಇದ್ದೆ. ನಿನ್ನಷ್ಟು ಒಳ್ಳೆಯವರು ಯಾರೂ ಇರಲಿಲ್ಲ. ಸುಳ್ಳು ಹೇಳಿದ್ದು ನಾನು.”

ಗಾರ್ನೆಟ್ ಪಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತ.

“ಡಾಕ್ಟರ್ ಒಂದು ವರ್ಷ ಅಂದಿರಲಿಲ್ಲ ಕಣೇ. ಮೂರೋ ನಾಲ್ಕೋ ಅಂದಿದ್ದರು. ಹೇಳೋಕೆ ನನಗೆ ಬಾಯಿ ಬರಲಿಲ್ಲ. ನಿನ್ನ ಮೂಳೆ ಈಗ ಚೂರಾಗಿದೆ. ಹೊಸದು ದುಂಡಗೆ ಬರಬೇಕು. ಅದಕ್ಕೆ ಇನ್ನೂ ಟೈಮಿದೆ.”

“ಈಗ ಹೆದರಿಸೋಕೆ ಹೇಳ್ತಿದ್ದೀಯಾ?”

“ಇಲ್ಲ.”

ಅಬೇನಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಸಿಟ್ಟಿಗೆ ಮೂಗಿನ ಹೊಳ್ಳೆಗಳು ಅರಳಿದ್ದವು.

“ಆಗ ನನಗೆಷ್ಟು ವರ್ಷ ಆಗಿರುತ್ತೆ?”

“ಹತ್ತು. ಹತ್ತಿರ ಹತ್ತು.”

ಹುಡುಗಿ ಕೆಳಗೆ ನೋಡಿದಳು. ಕಟ್ಟಿದ್ದ ಮರಗಾಲು ನೆಲಕ್ಕೆ ಒಂದು ಗೇಣು ಸಾಲದೆ ತೂಗುತ್ತಿತ್ತು. ಪಕ್ಕದಲ್ಲಿ ಕೂತ ಹತ್ತು ವರ್ಷದವರ ಮರಗಾಲು ನೆಲ ಮುಟ್ಟುತ್ತಿತ್ತು.

“ಹಂಗಾದ್ರೆ ಇದು ಆಗ ನನಗೆ ಸಾಲಲ್ಲ,” ಎಂದಳು. “ಸಾಲದೇ ಇರೋದನ್ನ ಯಾಕೆ ಮನೇಲಿ ನೇತುಹಾಕಿದ್ದೆ? ನಾನು ಸುಮ್ಮನೆ ಒರೆಸ್ತಾ ಇದ್ದೆ.”

ಅಬೇನಿ ಬಾಗಿ ತಾನೇ ಗಂಟು ಬಿಚ್ಚತೊಡಗಿದಳು. ಗಾರ್ನೆಟ್ ಸಹಾಯಕ್ಕೆ ಕೈ ಚಾಚಿದರೆ ಅದನ್ನು ತಳ್ಳಿದಳು. ಬಿಚ್ಚಿಯಾದ ಮೇಲೆ ಕೆಳಗೆ ಮರಳಿನಲ್ಲಿ ಕೂತಿದ್ದ ಶನಿಸ್ ಎಂಬ ಪುಟ್ಟಿಯನ್ನು ಕರೆದಳು. ಆ ಮಗು ತನಗೆ ಯಾರ ಮರಗಾಲೂ ಸಿಕ್ಕಿಲ್ಲವೆಂದು ಬೆಳಗ್ಗಿನಿಂದ ಮುಖ ಊದಿಸಿಕೊಂಡಿತ್ತು.

“ತಗೋ. ಗೀರು ಬಿದ್ರೆ ಒದೆ ಬೀಳುತ್ತೆ.”

ಆಮೇಲೆ ಅಮ್ಮನ ಕಡೆ ತಿರುಗಿದಳು. “ನನಗೆ ಉದ್ದದ್ದು ಬೇಕು. ನಿನ್ನದಕ್ಕಿಂತ ಉದ್ದ. ಮೂಳೆ ದುಂಡಗೆ ಬರುತ್ತಲ್ಲ?”

ಬರುತ್ತೆ ಎನ್ನುವ ಮಾತು ಜೋಸೆಟ್‌ಳ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದಳು.

“ಗೊತ್ತಿಲ್ಲ ಕಣೇ. ಡಾಕ್ಟರಿಗೂ ಗೊತ್ತಿಲ್ಲ. ಚಿಕ್ಕವಳಲ್ವಾ, ಬರಬಹುದು ಅಂತಾರೆ. ಕಾಯಬೇಕು.”

ಅಬೇನಿ ಪುಟ್ಟಿಯ ಕೈಯಲ್ಲಿದ್ದ ಕೆಂಪು ಮರಗಾಲನ್ನು ಇನ್ನೊಮ್ಮೆ ನೋಡಿದಳು.

“ಸರಿ. ಎತ್ಕೋ,” ಎಂದಳು.

ಜೋಸೆಟ್ ಬೆನ್ನು ಕೊಟ್ಟಳು. ಮಗಳು ಗೋಡೆಯಿಂದ ಜಾರಿ ಅವಳ ಕುತ್ತಿಗೆಗೆ ಕೈ ಹಾಕಿ ಜೋತುಬಿದ್ದಳು. ವರ್ಷದಲ್ಲಿ ಸಾಕಷ್ಟು ಭಾರವಾಗಿದ್ದಳು. ಸಿಟ್ಟು ಇಳಿದಿರಲಿಲ್ಲ, ಹಿಡಿದ ಕೈಯ ಬಿಗಿಯಲ್ಲೇ ತಿಳಿಯುತ್ತಿತ್ತು. ಆ ಸಿಟ್ಟನ್ನೂ ಹೊತ್ತುಕೊಂಡೇ ಜೋಸೆಟ್ ಗೇಟಿನ ಕಡೆ ಹೆಜ್ಜೆ ಹಾಕಿದಳು.

ಹಿಂದೆ ಗಾರ್ನೆಟ್ ಶನಿಸ್‌ಳನ್ನು ಎತ್ತಿ ಗೋಡೆಯ ಮೇಲೆ ಕೂರಿಸಿ ಪಟ್ಟಿ ಸುತ್ತುತ್ತಿದ್ದ. ಪುಟ್ಟಿಯ ಗಿಡ್ಡ ಕಾಲಿನಲ್ಲಿ ಅದು ಮೊಣಕಾಲಿನ ಮೇಲಕ್ಕೆ ಸರಿಯುತ್ತಿತ್ತು. ಅಬೇನಿ ಕತ್ತು ಹೊರಳಿಸಿ ನೋಡಿ, ಅಮ್ಮನ ಕಿವಿ ಕಿತ್ತುಹೋಗುವಂತೆ ಕೂಗಿದಳು:

“ಮೊಣಕಾಲಿನ ಮೇಲಲ್ಲ, ಕೆಳಗೆ! ಕೆಳಗೆ ಕಟ್ಟು! ಮಮ್ಮಿ, ನಿಲ್ಲು, ತಿರುಗು. ಇವರಿಗೆ ಕಟ್ಟೋಕೇ ಬರಲ್ಲ.”

ಜೋಸೆಟ್ ಮಗಳನ್ನು ಹೊತ್ತುಕೊಂಡೇ ತಿರುಗಿ, ಗೋಡೆಯ ಬಳಿಗೆ ವಾಪಸು ನಡೆದಳು.