ಬುಧವಾರದ ಬಸ್ಸು

ನಮ್ಮನೆಯವರು ಸೈನ್ಯದಲ್ಲಿ ಒಂದು ದಿನವೂ ಇದ್ದವರಲ್ಲ. ಹಾಸನದ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ, ಬೂಟು ಕಚ್ಚುತ್ತದೆ ಎಂದು ಬಿಟ್ಟು ಬಂದವರು. ಈಗ ಸಿಡ್ನಿಯಲ್ಲಿ ದೊಡ್ಡ ಗೋದಾಮೊಂದರ ಲಾರಿಗಳು ಯಾವ ರಸ್ತೆ ಹಿಡಿಯಬೇಕು, ಯಾವ ಅಂಗಡಿಗೆ ಮೊದಲು ಹಾಲು ಇಳಿಸಬೇಕು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ಇವರ ಕೆಲಸ. ಆದರೆ ರಷ್ಯಾ ಉಕ್ರೇನಿನ ಮೇಲೆ ಬಿದ್ದ ದಿನದಿಂದ ರೌಸ್ ಹಿಲ್‌ನ ನಮ್ಮ ಡೈನಿಂಗ್ ಟೇಬಲ್ಲಿಗೆ ಒಬ್ಬ ಜನರಲ್ ಸಾಹೇಬರು ಬಂದು ಕೂತರು. ಚಪಾತಿ ತಟ್ಟೆ ಪಕ್ಕಕ್ಕೆ ಸರಿಯಿತು, ಮ್ಯಾಪು ಬಂತು.

ಇವರೂ ಸೇರಿ ಇಲ್ಲಿ ಒಟ್ಟಿಗೆ ಮಾಸ್ಟರ್ಸ್ ಓದಿದ ನಾಲ್ಕು ಜನರದ್ದು ಒಂದು ವಾಟ್ಸ್ಯಾಪ್ ಗ್ರೂಪಿದೆ. ಮೊದಲು ಅದು ಐಪಿಎಲ್ ಆಟಕ್ಕೆ ಇದ್ದದ್ದು, ಯಾರ ತಂಡಕ್ಕೆ ಎಷ್ಟು ಪಾಯಿಂಟು ಎಂದು ಕಿತ್ತಾಡುವುದಕ್ಕೆ. ಐಪಿಎಲ್ ಮುಗಿದ ಮೇಲೆ ಕೈ ಕಟ್ಟಿ ಕೂರಲಾಗದೆ ಮೆಲ್ಬರ್ನಿನ ಅಜಯ್ ಅದಕ್ಕೆ 'ವಾರ್ ರೂಮ್' ಎಂದು ಹೆಸರಿಟ್ಟ. ಮುಂದೆ ಯಾವ ಊರು ಬೀಳುತ್ತದೆ, ಯಾವ ವಾರ ಬೀಳುತ್ತದೆ, ಶಾಂತಿ ಮಾತುಕತೆ ಯಾವಾಗ ಮುರಿಯುತ್ತದೆ, ಸರಿಯಾಗಿ ಹೇಳಿದವನಿಗೆ ಪಾಯಿಂಟು. ಗೆದ್ದವನಿಗೆ ಸೋತವರು ಊಟ ಹಾಕಬೇಕು. ನಾನು ಎಷ್ಟೋ ಸಲ ರೇಗಿಸಿದ್ದೇನೆ, ನಿಮ್ಮ ನಾಲ್ವರಲ್ಲಿ ಒಬ್ಬರಿಗೂ ಮನೆಯ ಜಿರಳೆ ಹೊಡೆಯುವ ಧೈರ್ಯವಿಲ್ಲ ಎಂದು. ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಟದಲ್ಲಿ ಇವರ ಕೈಯೇ ಮೇಲು. ಲಾರಿಯ ಬುದ್ಧಿ. "ಜಲಜಾ, ಯುದ್ಧ ಅಂದ್ರೆ ಗನ್ ಅಲ್ಲ ಕಣೇ, ರಸ್ತೆ" ಎನ್ನುತ್ತಿದ್ದರು. "ಊರಿಗೆ ಬರೋ ದಾರಿ ಮೇಲೆ ಡ್ರೋನ್ ಕೂರಿಸಿದ್ರೆ ಮುಗೀತು. ಬ್ರೆಡ್ ವ್ಯಾನ್ ಬರಲ್ಲ, ಆಂಬುಲೆನ್ಸ್ ಬರಲ್ಲ. ಊರು ತಾನಾಗೇ ಬೀಳುತ್ತೆ." ಅಜಯ್‌ಗೆ ರಾಜತಂತ್ರದ ಹುಚ್ಚು. ಮಾತುಕತೆ ಹತ್ತಿರ ಬಂದಷ್ಟೂ ಹೊಡೆತ ಜೋರಾಗುತ್ತದೆ, ಮೇಜಿನ ಮೇಲೆ ಇಟ್ಟು ಚೌಕಾಸಿ ಮಾಡಲು ಇನ್ನೊಂದು ಊರು ಬೇಕಲ್ಲ, ಎಂದು ಅವನ ಲೆಕ್ಕಾಚಾರ. ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಸರಿಯಾಗಿದ್ದುದೇ ಈಗ ನನಗೆ ಸಂಕಟ.

ಏಕೆಂದರೆ ನಮ್ಮ ಹಿತ್ತಲಿನ ಪುಟ್ಟ ಮನೆಯಲ್ಲಿ, ಇಲ್ಲಿಯವರು ಗ್ರ್ಯಾನಿ ಫ್ಲಾಟ್ ಅನ್ನುವುದರಲ್ಲಿ, ಬಾಡಿಗೆಗೆ ಇದ್ದವಳು ಇರಿನಾ. ಉಕ್ರೇನಿನಿಂದ ಬಂದವಳು, ಹತ್ತಿರದ ಚೈಲ್ಡ್‌ಕೇರಿನಲ್ಲಿ ಕೆಲಸ. ಅವಳ ಅಮ್ಮ ಮಾತ್ರ ಕೋಳಿಗಳನ್ನೂ ಮನೆಯನ್ನೂ ಬಿಟ್ಟು ಬರುವುದಿಲ್ಲ ಎಂದು ವೆರ್ಬಿನೆ ಎಂಬ ಸಣ್ಣ ಊರಿನಲ್ಲೇ ಉಳಿದಿದ್ದಳು. ಯುದ್ಧ ವರ್ಷವರ್ಷಕ್ಕೂ ಹತ್ತಿರ ಸರಿದು ಆ ಊರಿನ ಬಾಗಿಲಿಗೇ ಬಂದಿತ್ತು.

ನಮ್ಮವರು ಇರಿನಾಳನ್ನು ದಿನಾ ವಿಚಾರಿಸುತ್ತಿದ್ದರು. ಅಮ್ಮನಿಗೆ ಕರೆಂಟ್ ಇದೆಯಾ? ಪೋಸ್ಟಿನವನು ಬರುತ್ತಾನಾ? ಬ್ಯಾಂಕು ತೆರೆದಿದೆಯಾ? ಬ್ರೆಡ್ ವ್ಯಾನ್ ಯಾವ ದಾರಿಯಿಂದ ಬರುತ್ತದೆ, ಸೇತುವೆ ಕಡೆಯಿಂದಲೋ ಕಾಡಿನ ಕಡೆಯಿಂದಲೋ? ಅವಳ ಕಣ್ಣು ತುಂಬಿಬರುತ್ತಿತ್ತು. ಒಮ್ಮೆ ಚೆರ್ರಿ ಜಾಮ್ ಮಾಡಿ ತಂದು ನನ್ನ ಕೈಗಿಟ್ಟು, "ನನ್ನ ಕೆಲಸದ ಕಡೆ ಎಲ್ಲರೂ ಹೇಗಿದ್ದೀಯ ಅಂತಾರೆ. ಅಮ್ಮನಿಗೆ ಬ್ರೆಡ್ ಬಂತಾ ಅಂತ ಕೇಳೋದು ಗೋಪಾಲ್ ಒಬ್ಬರೇ. ಅಮ್ಮನಿಗೂ ಹೇಳಿದೀನಿ, ಅವಳು ನಿಮಗೆ ಥ್ಯಾಂಕ್ಸ್ ಹೇಳಿದಾಳೆ" ಎಂದಳು. ಇಂಗ್ಲಿಷಿನಲ್ಲೇ ನಮ್ಮ ಮಾತು. ನನ್ನ ಗಂಡನ ಬಗ್ಗೆ ನನಗೆ ಹೆಮ್ಮೆಯಾಯಿತು. ಜಾಮ್ ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಕಿಚನ್ ಕಿಟಕಿಯಲ್ಲಿಟ್ಟೆ.

ಆಮೇಲೊಂದು ಸಂಜೆ ಗಮನಿಸಿದೆ. ಇರಿನಾ ಹಿತ್ತಲ ಬಾಗಿಲು ಹಾಕಿಕೊಂಡು ಹೋದ ಕೂಡಲೇ ಇವರು ಐಪ್ಯಾಡ್ ತೆಗೆದರು. ಬ್ಯಾಂಕು ಮುಚ್ಚಿತು, ಪೋಸ್ಟು ನಿಂತಿತು, ವ್ಯಾನು ಕಾಡಿನ ದಾರಿ ಹಿಡಿದಿದೆ, ಅಂದರೆ ಸೇತುವೆ ಹೋಯಿತು. ಅವಳು ಅಳುತ್ತಾ ಹೇಳಿದ್ದೆಲ್ಲ ಮ್ಯಾಪಿನ ಮೇಲೆ ಚುಕ್ಕೆಯಾಗಿ ಕೂತಿತು. ಗ್ರೂಪಿನಲ್ಲಿ ಅಜಯ್, "ಗುರೂ, ನಿನ್ನ ಸೋರ್ಸ್ ಯಾರೋ?" ಎಂದು ಬರೆದಿದ್ದ. ಇವರು ಮೀಸೆ ತಿರುವುವ ಬೊಂಬೆಯೊಂದನ್ನು ಕಳಿಸಿದರು. ನನಗೆ ಥೂ ಅನ್ನಿಸಿತು. ಆದರೆ ಬಾಯಿ ಬಿಟ್ಟು ಅನ್ನಲಿಲ್ಲ. ಕೇಳಿದರೆ ಜಗಳ, ಜಗಳವಾದರೆ ವೀಕೆಂಡ್ ಹಾಳು, ಇಷ್ಟೇ ನನ್ನ ಯೋಚನೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಇರಿನಾ ಬಂದು ಕೂತಳು. ನಾನು ಟೀ ಕೊಟ್ಟೆ. ಅವಳು ಮುಟ್ಟಲಿಲ್ಲ.

"ಬುಧವಾರ ವಾಲಂಟಿಯರ್‌ಗಳ ಬಸ್ ಬರುತ್ತಂತೆ, ಜನರನ್ನ ಕರ್ಕೊಂಡು ಹೋಗೋಕೆ" ಎಂದಳು. "ಅಮ್ಮ ಬರಲ್ಲ ಅಂತಾಳೆ. ನಾನು ಅತ್ತು ಕರೆದು ಹಟ ಮಾಡಿದ್ರೆ ಬರ್ತಾಳೆ, ನನಗೊತ್ತು. ಆದ್ರೆ ಆ ವಯಸ್ಸಿನಲ್ಲಿ ಮನೆ ಬಿಡಿಸಿ, ಆಮೇಲೆ ಊರಿಗೆ ಏನೂ ಆಗದೆ ಹೋದ್ರೆ? ಗೋಪಾಲ್, ನಿಮಗೆ ಇದೆಲ್ಲ ಗೊತ್ತಾಗುತ್ತೆ. ನಾನು ಹಟ ಮಾಡ್ಲಾ?"

ಇವರು ಟೀ ಕಪ್ಪನ್ನು ಅವಳತ್ತ ಸರಿಸಿದರು. ಆಮೇಲೆ ಆ ಮಾತು ಬಂತು. "ಏನೂ ಆಗಲ್ಲ ಇರಿನಾ. ಮಾತುಕತೆ ನಡೀತಿದೆಯಲ್ಲ, ಎಲ್ಲ ಸರಿಹೋಗುತ್ತೆ."

ಈ ಮಾತು ನಮ್ಮ ಮನೆಗಳಲ್ಲಿ ಉಸಿರಾಟದ ಹಾಗೆ. ಆಪರೇಷನ್ ಇರಲಿ, ಪರೀಕ್ಷೆಯಿರಲಿ, ಇಲ್ಲೇ ನೆಲೆಸಲು ಹಾಕುವ ಪಿಆರ್ ಅರ್ಜಿ ಇರಲಿ, ಹೆದರಿದವರು ಎದುರಿಗೆ ಬಂದರೆ ಬಾಯಿಂದ ಅದೇ ಬೀಳುತ್ತದೆ. ನಾನು ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ರಿಸೆಪ್ಶನ್ ಕೆಲಸ ಮಾಡುತ್ತೇನೆ. ಅಲ್ಲಿ ನಮಗೆ ಮೊದಲ ವಾರವೇ ಕಲಿಸುತ್ತಾರೆ, ರೋಗಿಗೆ ಏನೂ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ, ಅದು ನಿಮಗೆ ಗೊತ್ತಿರುವುದಿಲ್ಲ ಎಂದು. ಆ ಪಾಠವನ್ನೆಲ್ಲ ಯೂನಿಫಾರ್ಮಿನ ಜೊತೆ ಕಳಚಿಟ್ಟು, ಅವತ್ತು ನಾನೂ ಅವಳ ಕೈ ಹಿಡಿದು ಅಂದೆ, "ಹೌದು ಇರಿನಾ, ಏನೂ ಆಗಲ್ಲ."

ಅವಳ ಹೆಗಲು ಕೆಳಗಿಳಿಯಿತು. ತಣ್ಣಗಾದ ಟೀ ಕುಡಿದು, ಯಾವಾಗಿನಂತೆ ತನ್ನ ಕಪ್ಪನ್ನು ತಾನೇ ತೊಳೆದು ಬೋರಲು ಹಾಕಿ ಹೋದಳು.

ಮಧ್ಯಾಹ್ನ ಇವರು ಐಪ್ಯಾಡಿನಲ್ಲಿ ವೆರ್ಬಿನೆಯ ಮೇಲೆ ಕೆಂಪು ಬಳಿಯುತ್ತಿದ್ದರು. ಬಿದ್ದ ಊರಿಗೆ ಇವರ ಮ್ಯಾಪಿನಲ್ಲಿ ಕೆಂಪು. ಬೀಳುವ ಮುಂಚೆಯೇ ಬಳಿದು ಗ್ರೂಪಿಗೆ ಕಳಿಸಿದರೆ ಪಾಯಿಂಟು ಜಾಸ್ತಿ.

"ರೀ, ಇದು ಇರಿನಾ ಊರಲ್ವಾ?" ಎಂದೆ.

"ಕಾಡಿನ ದಾರಿ ಈ ವಾರ ಕಟ್ ಆಗುತ್ತೆ. ಮಾತುಕತೆಗೆ ಮುಂಚೆ ಅವರಿಗೆ ಇದು ಬೇಕೇ ಬೇಕು."

"ಮತ್ತೆ ಅವಳಿಗೆ ಹಾಗ್ಯಾಕೆ ಹೇಳಿದ್ರಿ?"

"ಇನ್ನೇನು ಹೇಳ್ಲಿ? ನಿಮ್ಮಮ್ಮನ ಊರು ಹೋಗುತ್ತೆ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ? ಹೇಳಿ, ಆಮೇಲೆ ಏನೂ ಆಗದೆ ಹೋದ್ರೆ ಆ ಮುದುಕಿನ ಮನೆ ಬಿಡಿಸಿದ ಪಾಪ ನಮಗೆ. ನಾನೇನು ನಿಜವಾದ ಜನರಲ್ ಸಾಹೇಬನಾ?"

ಅವಳಿಗೆ ಹೇಳಲು ನಿಜವಾದ ಜನರಲ್ ಅಲ್ಲ, ಗ್ರೂಪಿಗೆ ಕಳಿಸಲು ಹೌದು. ಇದನ್ನು ನಾನು ಅಂದೇ ಅನ್ನಬೇಕಿತ್ತು. ಹಿತ್ತಲ ಬಾಗಿಲು ಇಪ್ಪತ್ತು ಹೆಜ್ಜೆಯೂ ಇಲ್ಲ, ನಾನೇ ಹೋಗಿ ಹೇಳಬಹುದಿತ್ತು. ದೋಸೆಗೆ ರುಬ್ಬುವುದಿತ್ತು. ರುಬ್ಬಿದೆ.

ಶುಕ್ರವಾರ ಕಾಡಿನ ದಾರಿ ಕಟ್ ಆಯಿತು. ಆಮೇಲೂ ಅಮ್ಮ ಮಗಳು ಫೋನಿನಲ್ಲಿ ಮಾತಾಡುತ್ತಲೇ ಇದ್ದರು, ಅಮ್ಮ ಕೋಳಿಗಳ ಜೊತೆ ನೆಲಮಾಳಿಗೆಯಲ್ಲಿದ್ದಾಳೆ ಎಂದು ಇರಿನಾ ಹೇಳಿದಳು. ಅತ್ತ ಗ್ರೂಪಿನಲ್ಲಿ ಪಟಾಕಿ. ಆ ಸಲದ ಗೆಲುವು ಇವರದೇ. ಜೂನಿನ ಲಾಂಗ್ ವೀಕೆಂಡಿಗೆ ಕ್ಲೈಡ್ ನಾರ್ತ್‌ನ ಅಜಯ್ ಮನೆಯಲ್ಲಿ ಊಟ ಎಂದಾಯಿತು. ಟಿಕೆಟ್ ಬುಕ್ ಮಾಡಿದ್ದು ನಾನೇ.

ಮೆಲ್ಬರ್ನಿನಲ್ಲಿ ಹಲ್ಲು ಕಟಕಟಿಸುವ ಚಳಿ. ಅಜಯ್ ಹೆಂಡತಿ ಸಂಯುಕ್ತಾ ಬಿಸಿಬೇಳೆಬಾತ್ ಮಾಡಿದ್ದಳು. ಊಟ ಮುಗಿಯುತ್ತಿದ್ದಂತೆ ಅಜಯ್ ಫ್ರಿಜ್ಜಿನಿಂದ ಒಂದು ಕೇಕ್ ತಂದ. ಅದರ ಮೇಲೆ ಮ್ಯಾಪು. ಇವರು ಕಳಿಸಿದ ಅದೇ ಮ್ಯಾಪನ್ನು ಬೇಕರಿಯವರಿಗೆ ಕೊಟ್ಟು ಮಾಡಿಸಿದ್ದ. ಹಸಿರು ಕ್ರೀಮಿನ ಕಾಡು, ಚಾಕೊಲೇಟಿನ ರಸ್ತೆ, ನಡುವೆ ಕೆಂಪು, ಕೆಂಪಿನ ಮೇಲೆ ಊರಿನ ಹೆಸರು.

"ಯಾವ ಊರ್ರೀ ಇದು?" ಎಂದು ಸಂಯುಕ್ತಾ ಕೇಳಿದಳು.

"ಯಾವ್ದೋ ಹಳ್ಳಿ ಬಿಡು" ಎಂದ ಅಜಯ್. "ಕಟ್ ಮಾಡಿ ಜನರಲ್ ಸಾಹೇಬ್ರೇ."

ನಮ್ಮವರು ಚಾಕು ಹಿಡಿದು, ಕೆಂಪಿನ ಮೇಲಿನ ಹೆಸರು ಓದಿದರು. ನನ್ನ ಕಡೆ ನೋಡಿದರು. ನಾನು ಬೇಡ ಎಂದಿದ್ದರೆ ಖಂಡಿತ ಚಾಕು ಕೆಳಗಿಡುತ್ತಿದ್ದರು. ಅಷ್ಟು ಜನರ ಮುಂದೆ ಹೇಗೆ ಅನ್ನುವುದು? ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಾಲಿನ ತುಂಡನ್ನು ನಾನೂ ತಿಂದೆ. ಎಗ್‌ಲೆಸ್, ಚೆನ್ನಾಗಿತ್ತು.

ಆಗಲೇ ಇವರ ಫೋನು ಹೊಡೆದುಕೊಂಡಿತು. ಇರಿನಾ. ಇವರು ಎದ್ದು ಗರಾಜಿಗೆ ಹೋಗಿ ಸ್ಪೀಕರ್ ಹಾಕಿದರು, ಹಿಂದೆ ನಾನು.

"ಅಮ್ಮ ನಿನ್ನೆಯಿಂದ ಫೋನ್ ತೆಗೀತಿಲ್ಲ" ಎಂದಳು. ದನಿ ಒಡೆದಿತ್ತು. "ನಿಮಗೇನಾದ್ರೂ ಗೊತ್ತಾ? ನೀವು ಮಾತುಕತೆ ನಡೀತಿದೆ ಅಂದಿದ್ರಿ."

"ಟವರ್ ಹೋಗಿರುತ್ತೆ ಇರಿನಾ" ಎಂದರು ಇವರು. ಮತ್ತೆ ಅದೇ. "ಏನೂ ಆಗಲ್ಲ."

ಫೋನು ಇಟ್ಟರು. ಹೆಬ್ಬೆರಳಿಗೆ ಕೆಂಪು ಕ್ರೀಮು ಮೆತ್ತಿತ್ತು. ಅಭ್ಯಾಸಬಲ, ಬೆರಳನ್ನು ಬಾಯಿಗಿಟ್ಟು ಚೀಪಿದರು. ಚೀಪಿದ ಮೇಲೆ ಏನು ಮಾಡಿದೆನೆಂದು ತಿಳಿದು, ಅಜಯ್‌ನ ಕಾರಿನ ಪಕ್ಕದಲ್ಲೇ ಉಗುಳಿ, ಗೋಡೆ ಕಡೆ ತಿರುಗಿ ನಿಂತರು. ಆ ಮನುಷ್ಯನ ಬೆನ್ನು ನೋಡಲು ನನಗೆ ನಾಚಿಕೆಯಾಯಿತು. ಅವರಿಗಾಗಿ ಎಷ್ಟೋ, ನನಗಾಗಿ ಅದಕ್ಕಿಂತ ಹೆಚ್ಚು.

ಸಿಡ್ನಿಗೆ ಮರಳಿದ ಮರುದಿನ ಸಂಜೆ ಇರಿನಾ ಹಿತ್ತಲ ಬಾಗಿಲು ತಟ್ಟಿದಳು. ಅಮ್ಮನ ಸುದ್ದಿ ಇನ್ನೂ ಇರಲಿಲ್ಲ. ಟೀ ಕುಡಿದಳು. ಮುಖ ಬಾಡಿತ್ತು, ಆದರೆ ಅಳುತ್ತಿರಲಿಲ್ಲ.

"ನಿಮ್ಮ ಹತ್ರ ಮ್ಯಾಪ್ ಇದೆಯಲ್ಲ ಗೋಪಾಲ್. ನಮ್ಮ ಮನೆ ಹತ್ರ ಹೇಗಿದೆ, ತೋರಿಸ್ತೀರಾ?"

ಇವರು ಐಪ್ಯಾಡ್ ಕೊಟ್ಟರು. ಇನ್ನೇನು ಮಾಡಿಯಾರು? ಅವಳು ಎರಡು ಬೆರಳಿನಿಂದ ದೊಡ್ಡದು ಮಾಡಿದಳು. ಶಾಲೆ ಸಿಕ್ಕಿತು, ಕೆರೆ ಸಿಕ್ಕಿತು, ಒಂದು ಬೀದಿಯ ತುದಿಯಲ್ಲಿ ಬೆರಳು ನಿಂತಿತು.

"ಇದು ನಮ್ಮ ಮನೆ. ಇದರ ಮೇಲೆ ಕೆಂಪಿದೆ" ಎಂದಳು. "ಅವರು ಮನೆವರೆಗೂ ಬಂದುಬಿಟ್ರಾ?"

"ಗೊತ್ತಿಲ್ಲ."

"ಗೊತ್ತಿಲ್ಲದೆ ಈ ಬಣ್ಣ ಯಾರು ಹಾಕಿದ್ದು?"

ನಾನು ಇವರ ಮುಖ ನೋಡಿದೆ. ಇಂಟರ್‌ನೆಟ್ಟಿನಲ್ಲಿ ಬಂದದ್ದು ಎಂದಿದ್ದರೆ ಅವಳು ನಂಬುತ್ತಿದ್ದಳು. ಇವರಿಗೂ ಅದು ಹೊಳೆದಿರಬೇಕು.

"ನಾನು" ಎಂದರು.

"ಯಾವಾಗ?"

"ಆ ಭಾನುವಾರ. ನೀವು ಬಂದು ಹೋದ ಮೇಲೆ."

ಇರಿನಾ ಐಪ್ಯಾಡನ್ನು ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ಮೇಜಿನ ಮೇಲಿಟ್ಟಳು. ದಾರಿ ಹೋಗುತ್ತದೆ ಎಂದು ಗೊತ್ತಿತ್ತೇ ಎಂದು ಕೇಳಿದಳು. ಇವರು ತಲೆ ತಗ್ಗಿಸಿ, ಅನ್ನಿಸಿತ್ತು ಎಂದರು. ಗೆಳೆಯರಿಗೆ ಬರೆದಿದ್ದೆ ಎಂದರು. ಆಟ ಎಂಬ ಪದವನ್ನೂ ಹೇಳಿದರು, ಹೇಳದೆ ಬಿಡಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ನಿಮಗೂ ಗೊತ್ತಿತ್ತಾ ಜಲಜಾ?"

ಕಿಟಕಿಯಲ್ಲಿ ಅವಳ ಜಾಮ್ ಬಾಟಲಿ ಇತ್ತು. "ಗೊತ್ತಿತ್ತು" ಎಂದೆ.

ಬೈಯಲಿಲ್ಲ. ಎದ್ದು ತನ್ನ ಕಪ್ಪು ತೊಳೆದಳು, ಬೋರಲು ಹಾಕಿದಳು, ಕೈ ಒರೆಸಿಕೊಂಡಳು. ಬಾಗಿಲ ಹತ್ತಿರ ಹೋಗಿ ನಿಂತು, ನಮ್ಮಿಬ್ಬರನ್ನೂ ನೋಡದೆ ಮಾತಾಡಿದಳು.

"ಬುಧವಾರ ಬಸ್ ನಮ್ಮ ಬೀದಿಗೇ ಬಂದಿತ್ತು. ಅಮ್ಮನೇ ಫೋನಿನಲ್ಲಿ ಹೇಳಿದ್ಲು. ಗೋಪಾಲ್ ಏನೂ ಆಗಲ್ಲ ಅಂದಿದಾರೆ ಅಂತ ನಾನು ಹೇಳಿದ್ನಲ್ಲ, ಅದಕ್ಕೆ ಗೇಟಲ್ಲಿ ನಿಂತು ಕೈ ಬೀಸಿ ಕಳಿಸಿದ್ಲಂತೆ. ಅರ್ಧ ಬಸ್ ಖಾಲಿ ಇತ್ತಂತೆ."